ಬುರುಜಿನಡಿ ಸತ್ತ ಹದಿನೆಂಟು ಜನ

ತಮ್ಮಾ,

ಸಾಗರದಿಂದ ನೀನು ವಾಟ್ಸಾಪಲ್ಲಿ ಕಳ್ಸಿದ ಲೇಖನ ಸಿಕ್ತು, ಎರಡು ಸಲ ಓದಿದೆ. ಜತೆಗೆ "ಯಾರೂ ಓದಲ್ಲ ಸಾರ್, ಬರೆಯೋದೇ ಬಿಟ್ಬಿಡ್ತೀನಿ" ಅಂತ ವಾಯ್ಸ್ ಮೆಸೇಜು ಬೇರೆ. ಬಿಡೋನು ಹಿಂಗೆ ಹೇಳ್ಕೊಂಡು ಬಿಡಲ್ಲ ಮಾರಾಯ. ಕಾಗುಣಿತ, ಪ್ಯಾರಾ, ಹೆಡ್ಡಿಂಗು ಎಲ್ಲ ನನ್ನ ಕೇಳ್ಬೇಡ, ಅದನ್ನ ಯಾರಾದ್ರೂ ತಿದ್ತಾರೆ. ನಂಗೆ ಸಿಟ್ಟು ಬಂದಿದ್ದು ಬೇರೆ ಕಡೆ. 2024ರ ಜುಲೈ 30ರ ಬೆಳಗಿನ ಜಾವ ವಯನಾಡಲ್ಲಿ ಗುಡ್ಡ ಕುಸಿದಿದ್ದನ್ನ ಬರೀತಾ ಬರೀತಾ ನಾಲ್ಕನೇ ಪ್ಯಾರಾಕ್ಕೇ "ಇದು ಪಾಪದ ಫಲ" ಅಂದ್ಬಿಟ್ಟಿದೀಯಲ್ಲ, ಯಾರ ಪಾಪ? ಮುಂಡಕ್ಕೈಲಿ ನಿದ್ದೆಯಲ್ಲಿದ್ದ ಟೀ ಎಸ್ಟೇಟ್ ಕೆಲಸದೋರದ್ದಾ?

ಬೈಬಲಲ್ಲಿ ಲೂಕನ 13ನೇ ಅಧ್ಯಾಯ ತೆಗಿ. ಸಿಲೋವದಲ್ಲಿ ಬುರುಜು ಬಿದ್ದು ಹದಿನೆಂಟು ಜನ ಸತ್ತಿದ್ರು, ಆಗಿನ ಕಾಲದ ಬ್ರೇಕಿಂಗ್ ನ್ಯೂಸು ಅದು. ಅವ್ರು ಜೆರುಸಲೇಮಿನ ಬೇರೆಯೋರಿಗಿಂತ ದೊಡ್ಡ ಪಾಪಿಗಳು ಅಂದ್ಕೊಂಡ್ರಾ ಅಂತ ಕೇಳಿ ಯೇಸುಸ್ವಾಮಿ ಖಡಾಖಂಡಿತ ಅಲ್ಲ ಅಂದ್ರು. ಅದಾದ್ಮೇಲೆ ಪಶ್ಚಾತ್ತಾಪ ಪಡದಿದ್ರೆ ನೀವೂ ಹಂಗೇ ನಾಶವಾಗ್ತೀರಿ ಅನ್ನೋ ಮಾತೂ ಇದೆಯಲ್ಲ ಸಾರ್ ಅಂತೀಯ, ಗೊತ್ತು. ಇದೆ. ಅದು ನಿಂತು ಕೇಳ್ತಿದ್ದೋರಿಗೆ ಹೇಳಿದ್ದು, ಬುರುಜಿನಡಿ ಸತ್ತೋರಿಗಲ್ಲ.

ನಿನ್ನ ಬೈಯೋ ಯೋಗ್ಯತೆ ನಂಗಿಲ್ಲ ಬಿಡು. 2021ರ ಜನವರಿ 21ರ ರಾತ್ರಿ ಹುಣಸೋಡು ಕ್ವಾರಿ ಹತ್ರ ಸ್ಫೋಟಕ ಸಿಡಿದು ಕೂಲಿಯೋರು ಸತ್ರಲ್ಲ, ಶಿವಮೊಗ್ಗದಲ್ಲಿ ನಾವೆಲ್ಲ ಭೂಕಂಪ ಅಂತ ಬೀದಿಗೆ ಓಡಿಬಂದ್ವಿ, ನಾನು ಒಂದು ಕಾಲಿಗೆ ನನ್ನ ಚಪ್ಪಲಿ ಒಂದು ಕಾಲಿಗೆ ಮಗಳದ್ದು ಹಾಕ್ಕೊಂಡು. ವಾಪಸ್ ಒಳಗೆ ಬಂದೋನೇ ಕೂತು ಬರೆದೆ, ಇದು ದೇವರ ಎಚ್ಚರಿಕೆ ಗಂಟೆ, ಲೋಕ ನಡುಗ್ತಿದೆ ಅಂತೆಲ್ಲ. ಏನಾಗಿದೆ ಅಂತ ಗೊತ್ತಾಗೋ ಮೊದಲೇ! ಒಂದು ಮಾಸಿಕ ಅಚ್ಚು ಹಾಕ್ತು, ಭಾನುವಾರ ಪೂಜೆ ಮುಗಿದ್ಮೇಲೆ ಕೈ ಕುಲುಕಿದ್ದೇ ಕುಲುಕಿದ್ದು. ಮನೇಲಿ ಇವಳು ಪತ್ರಿಕೆ ಮಡಚಿಟ್ಟು ಒಂದೇ ಮಾತು ಕೇಳಿದ್ಲು: "ಎಚ್ಚರಿಕೆ ನಮಗಂತೆ, ಸಾವು ಮಾತ್ರ ಆ ಕೂಲಿಯೋರಿಗಾ?" ನಂಗೆ ಉತ್ತರ ಹೊಳೀಲಿಲ್ಲ, ಇವತ್ತಿಗೂ ಇಲ್ಲ. ಮುಂದಿನ ತಿಂಗಳು ತಪ್ಪಾಯ್ತು ಅಂತ ನಾಲ್ಕು ಸಾಲು ಕಳ್ಸಿದ್ರೆ ಸಂಪಾದಕ ಮಹಾಶಯರು "ಜಾಗ ಇಲ್ಲ" ಅಂದ್ರು. ಎಚ್ಚರಿಕೆ ಗಂಟೆಗೆ ಎರಡು ಪುಟ ಇತ್ತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮ ಜಿಲ್ಲೇಲೇ ನೋಡು, 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಗುರುತಾದ ಮಂಗನ ಕಾಯಿಲೆ ಇವತ್ತಿಗೂ ಹಿಡಿಯೋದು ಯಾರನ್ನ, ಸೌದೆ ದರಗು ಅಂತ ಕಾಡಿಗೆ ಹೋಗೋರನ್ನ. ಕಚ್ಚೋದು ಉಣುಗು, ಅದೇನು ಪಾಪಪುಣ್ಯ ನೋಡಿ ಕಚ್ಚುತ್ತಾ?

ಕನ್ನಡದ ಮೊದಲ ಪತ್ರಿಕೆ ತಂದಿದ್ದೂ ಒಬ್ಬ ಪಾದ್ರಿನೇ ಕಣೋ, 1843ರಲ್ಲಿ, ಮೋಗ್ಲಿಂಗ್. ಹೆಸರಿಟ್ಟಿದ್ದು ಮಂಗಳೂರ ಸಮಾಚಾರ ಅಂತ, ಮಂಗಳೂರ ಉಪದೇಶ ಅಂತಲ್ಲ. ಮೊದಲು ಸಮಾಚಾರ ಸರಿಯಾಗಿ ತಿಳ್ಕೋ, ಸತ್ತೋರು ಯಾರು, ಅಲ್ಲಿಗೆ ಯಾಕೆ ಬಂದಿದ್ರು, ಎಷ್ಟು ಕೂಲಿ ಅಂತ. ದೇವರ ಪರವಾಗಿ ತೀರ್ಪು ಕೊಡೋ ಅರ್ಜೆಂಟು ಬೇಡ.

ಎರಡನೇ ಪ್ಯಾರಾದಲ್ಲಿ ಒಂದು ಸಾಲಿದೆ, ಟಿವಿ ನೋಡ್ತಾ ನಿಮ್ಮಮ್ಮ ಅಕ್ಕಿ ಆರಿಸೋದು ನಿಲ್ಲಿಸಿ ಮೊರ ಹಂಗೇ ತೊಡೆ ಮೇಲಿಟ್ಕೊಂಡು ಕೂತಿದ್ರು ಅಂತ. ಅದನ್ನ ಓದಿದ್ಮೇಲೇ ಈ ಕಾಗದ ಬರೆಯೋ ಮನಸ್ಸಾಗಿದ್ದು. ಅಲ್ಲಿಂದ ಶುರು ಮಾಡಿ ಇನ್ನೊಂದ್ಸಲ ಬರಿ. ಭಾನುವಾರ ಮನೆಗೆ ಬಾ, ಪ್ರಿಂಟ್ ತೆಗೆಸ್ಕೊಂಡೇ ಬಾ, ಮೊಬೈಲಲ್ಲಿ ನಂಗೆ ಅಕ್ಷರ ಕಾಣಲ್ಲ.