ಮೊಲಕ್ಕೆ ಬಿಡುವ ನಾಯಿಯನ್ನು ಹೆಗ್ಗಣಕ್ಕೆ ಬಿಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಯುಗಾದಿ ಕಳೆದು ಎರಡು ವಾರವಾಯಿತು. ವರ್ಷದ ತೊಡಕಿನ ದಿನ ನಮ್ಮ ಸುತ್ತಿನ ಹುಡುಗರು ನಾಯಿ ಕಟ್ಟಿಕೊಂಡು ಮೊಲಕ್ಕೆ ಹೋದ ವಿಡಿಯೊ ಇನ್ನೂ ಫೋನಿಂದ ಫೋನಿಗೆ ಓಡಾಡುತ್ತಿದೆ. ನಾಯಿ ಸಾಕುವವನು ಅಂತ ನನಗೇ ಮೂರು ಜನ ಕಳಿಸಿದರು. ಅದರಲ್ಲಿ ಎರಡು ನಾಯಿಗಳಿವೆ. ಒಂದು ಬಿಳಿ ಮೈಯ ಗಿಡ್ಡ ಟೆರಿಯರ್, ಇನ್ನೊಂದು ಉದ್ದ ಕಾಲಿನ ಬೆರಕೆ. ಹಿಂದೆ ಡೊಳ್ಳಿನ ಸದ್ದು, ಕೆಳಗೆ ‘ನಾಯಿಗೂ ವೀರಗಲ್ಲು ನೆಟ್ಟ ನಾಡು’ ಎಂಬ ಬರಹ. ಆ ಉದ್ದ ಕಾಲಿನ ಬೆರಕೆ ನಮ್ಮ ಮನೆಯ ಹಿತ್ತಲಲ್ಲಿ ಹುಟ್ಟಿದ ಮರಿ. ಎದೆ ಮೇಲಿನ ಬಿಳಿ ಮಚ್ಚೆ ನೋಡಿಯೇ ಗೊತ್ತಾಯಿತು. ಅದಕ್ಕೇ ಈ ಕಾಗದ.

ನಾನು ಜಗಳೂರು ತಾಲ್ಲೂಕಿನ ಮಳೆ ನಂಬಿದ ರೈತ, ವಯಸ್ಸು 61. ನಮ್ಮಪ್ಪನಿಗೆ ಕುರಿಯೂ ಇದ್ದವು, ಬೇಟೆ ನಾಯಿಯೂ ಇದ್ದವು. ಇವತ್ತಿನ ಹುಡುಗರಿಗೆ ಬುದ್ಧಿ ಹೇಳುವ ಮುಂಚೆ ನನ್ನ ಲೆಕ್ಕವನ್ನೂ ಒಪ್ಪಿಸಬೇಕು: ನಾನೂ ಮೊಲ ಹೊಡೆದವನೇ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲೇ ಬಂದಿತ್ತು. ನಮ್ಮೂರಿಗೆ ಅದರ ಸುದ್ದಿ ಮುಟ್ಟುವುದಕ್ಕೆ ಎಷ್ಟೋ ವರ್ಷ ಹಿಡಿಯಿತು, ಮುಟ್ಟಿದ ಮೇಲೂ ಕಿವಿ ಕೇಳಿಸದವರ ಹಾಗೆ ಇದ್ದೆವು. ಕೊನೆಗೆ ನನ್ನ ಬೇಟೆ ಬಿಡಿಸಿದ್ದು ಮುಳ್ಳುತಂತಿ. ಬೂದ ಅಂತ ಒಂದು ಗಂಡು ನಾಯಿ ಇತ್ತು, ಬೂದಿ ಬಣ್ಣ, ಸೊಂಟ ಒಂದು ಹಿಡಿ. ಬೆಳಗಿನ ಜಾವ ಮೊಲದ ಹಿಂದೆ ಬಿಟ್ಟೆ. ಆ ಜಾತಿಯ ನಾಯಿಗೆ ಓಟ ಹತ್ತಿದರೆ ಮೊಲ ಬಿಟ್ಟು ಬೇರೇನೂ ಕಾಣಿಸುವುದಿಲ್ಲ. ಹಿಂದಿನ ವಾರವಷ್ಟೇ ಯಾರೋ ಹೊಸದಾಗಿ ಎಳೆದಿದ್ದ ತಂತಿ ಬೇಲಿ. ಮೊಲ ಅಡಿಯಲ್ಲಿ ನುಸುಳಿತು, ಬೂದನ ಎದೆ ಇಬ್ಭಾಗವಾಯಿತು. ಪಂಚೆ ಸುತ್ತಿ, ಟಿವಿಎಸ್ ಮೇಲೆ ತೊಡೆಗೆ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋದೆ. 22 ಹೊಲಿಗೆ. ಬದುಕಿತು, ಆದರೆ ಮತ್ತೆ ಓಡಲಿಲ್ಲ. ನಮ್ಮಪ್ಪನ ಕಾಲದಲ್ಲಿ ಶೇಂಗಾ ಕಿತ್ತ ಮೇಲೆ ಕಣ್ಣು ಹಾಯುವವರೆಗೂ ಬಯಲು ಇರುತ್ತಿತ್ತು. ಈಗ ಬೋರ್‌ವೆಲ್, ಅಡಿಕೆ, ತಂತಿ, ಡಾಂಬರು ರಸ್ತೆ. ಓಡುವ ನಾಯಿಗೆ ಓಡುವ ನೆಲವೇ ಉಳಿದಿಲ್ಲ.

ಕಾನೂನು ಏನು ಹೇಳುತ್ತದೆ ಅಂತ ಹುಡುಗರಿಗೆ ಯಾರೂ ಸರಿಯಾಗಿ ಹೇಳಿದ ಹಾಗಿಲ್ಲ. ‘ನಾವು ಬಂದೂಕು ಹಿಡಿದಿಲ್ಲ, ನಾಯಿ ತಾನೇ ಓಡಿತು’ ಎನ್ನುತ್ತಾರೆ. ಆ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಅಟ್ಟುವುದು, ಬಲೆ ಹಾಕುವುದು, ಹಿಡಿಯುವುದು, ಅದಕ್ಕೆ ಪ್ರಯತ್ನ ಮಾಡುವುದು ಎಲ್ಲವೂ ಬೇಟೆಯೇ. ಮೊಲ ಕಾಯ್ದೆಯ ರಕ್ಷಿತ ಪ್ರಾಣಿಗಳ ಪಟ್ಟಿಯಲ್ಲಿದೆ. ಕೃಷ್ಣಮೃಗ, ನಾಲ್ಕು ಕೊಂಬಿನ ಕೊಂಡುಕುರಿ ಎಲ್ಲಕ್ಕಿಂತ ಬಿಗಿ ರಕ್ಷಣೆಯ ಮೊದಲನೇ ಪಟ್ಟಿಯಲ್ಲಿವೆ. ಅವಕ್ಕೆ ಕೈ ಹಾಕಿದರೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಜೈಲು, ಏಳು ವರ್ಷದವರೆಗೂ ಹೋಗಬಹುದು. 2022ರ ತಿದ್ದುಪಡಿ ಆದ ಮೇಲೆ ಸಾಮಾನ್ಯ ಅಪರಾಧದ ದಂಡವೂ 25 ಸಾವಿರದಿಂದ ಒಂದು ಲಕ್ಷಕ್ಕೆ ಏರಿದೆ. ನಮ್ಮ ತಾಲ್ಲೂಕಿನಲ್ಲೇ ಕೊಂಡುಕುರಿಗೆಂದು ರಂಗಯ್ಯನದುರ್ಗ ವನ್ಯಧಾಮವಿದೆ, ಹರಿಹರ ದಾಟಿದರೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವಿದೆ. ಕತ್ತಲಲ್ಲಿ ಬಿಟ್ಟ ನಾಯಿ ಇದು ಮೊಲ, ಇದು ಕೊಂಡುಕುರಿ ಅಂತ ಪಟ್ಟಿ ನೋಡಿ ಓಡುತ್ತದೆಯೇ?

ಇನ್ನು ಆ ಬೆರಕೆ ಮರಿಯ ಕಥೆ.

ಬೂದ ಹೋದ ಮೇಲೆ ಅವನ ವಂಶದ್ದೇ ಒಂದು ಹೆಣ್ಣು ಉಳಿದಿತ್ತು, ಬೂದಿ. ಕುರಿ ರೊಪ್ಪದ ಬಾಗಿಲಲ್ಲಿ ಮಲಗುವುದೇ ಅದರ ಕೆಲಸ. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ ಅಪಾರ್ಟ್‌ಮೆಂಟಿನಲ್ಲಿ ಒಂದು ಜಾಕ್ ರಸೆಲ್ ಟೆರಿಯರ್ ಸಾಕಿದ್ದ. ಅದು ಸೋಫಾ ಬಗೆಯಿತು, ಚಪ್ಪಲಿ ಬಗೆಯಿತು, ಕೆಳಗಿನ ಮನೆಯವರ ಹೂವಿನ ಕುಂಡ ಬಗೆಯಿತು. ಒಂದು ದಿನ ಕಾರಿನಲ್ಲಿ ತಂದು ಇಳಿಸಿ, ‘ಮಾವ, ಇದನ್ನ ನೀನೇ ಇಟ್ಕೋ, ನಮ್ ಕೈಲಿ ಆಗ್ತಿಲ್ಲ’ ಎಂದ. ಮೊಣಕಾಲಿಗೂ ಬಾರದ ಪ್ರಾಣಿ. ಊರವರೆಲ್ಲ ನಕ್ಕರು. ಮಾರನೇ ಬೆಳಿಗ್ಗೆ ಮೆಕ್ಕೆಜೋಳದ ಚೀಲ ಒಟ್ಟಿದ್ದ ಕೋಣೆಯಿಂದ ಏಳು ಇಲಿ ಎಳೆದು ಅಂಗಳದಲ್ಲಿ ಸಾಲಾಗಿ ಹಾಕಿತ್ತು. ಒಂದನ್ನೂ ತಿಂದಿರಲಿಲ್ಲ. ಕತ್ತು ಹಿಡಿದು ಒಂದೇ ಸಲ ಒದರುವುದು, ಬಿಡುವುದು, ಮುಂದಿನದಕ್ಕೆ ಹೋಗುವುದು. ಅಷ್ಟೇ. ನಗುವುದು ನಿಂತಿತು.

ಅದರ ಕುಲವೇ ಅದು ಅಂತ ತಂಗಿಯ ಮಗ ಆಮೇಲೆ ಹೇಳಿದ. ಟೆರಿಯರ್ ಎಂಬ ಹೆಸರು ಲ್ಯಾಟಿನ್ನಿನ ಮಣ್ಣು ಎಂಬ ಮಾತಿನಿಂದ ಬಂದದ್ದಂತೆ. ಇಂಗ್ಲೆಂಡಿನ ಡೆವನ್ ಎಂಬಲ್ಲಿ ಜಾನ್ ರಸೆಲ್ ಎಂಬ ಪಾದ್ರಿ ಇದ್ದ. ಆತ 1819ರಲ್ಲಿ, ಇನ್ನೂ ಓದುವ ಹುಡುಗನಾಗಿದ್ದಾಗ, ಹಾಲು ಮಾರುವವನೊಬ್ಬನಿಂದ ಟ್ರಂಪ್ ಎಂಬ ಹೆಣ್ಣು ನಾಯಿ ಕೊಂಡು ಈ ತಳಿ ಕಟ್ಟಿದ. ಬಿಲಕ್ಕೆ ಇಳಿದು ನರಿಯನ್ನು ಹೊರಗೆ ಎಬ್ಬಿಸುವುದು ಇವುಗಳ ಕಸುಬು. ಅಲ್ಲಿಯವರಿಗೆ ಇನ್ನೊಂದು ಬಗೆಯ ನಾಯಿಯೂ ಉಂಟು, ಲರ್ಚರ್. ಗ್ರೇಹೌಂಡ್, ವಿಪೆಟ್ ತರಹದ ಓಟದ ನಾಯಿಗೆ ಕುರಿ ಕಾಯುವ ನಾಯಿಯನ್ನೋ ಟೆರಿಯರನ್ನೋ ಕೂಡಿಸಿ ಪಡೆದದ್ದು; ಕಾಲು ಒಬ್ಬರದು, ತಲೆ ಇನ್ನೊಬ್ಬರದು. ಹೆಸರು ಹೊಸದಾದರೂ ಕೆಲಸ ನಮ್ಮಪ್ಪನಿಗೆ ಹೊಸದಾಗಿರಲಿಲ್ಲ. ಮುಧೋಳದ ಕಡೆಯಿಂದ ಬಂದ ಗಂಡಿಗೆ ಕುರುಬರ ಹಟ್ಟಿಯ ಗಟ್ಟಿ ಹೆಣ್ಣು ನೋಡಿ ಕೂಡಿಸುತ್ತಿದ್ದರು. ‘ಬರೀ ಓಡೋ ನಾಯಿ ಕುದುರೆ ಕಣಲೇ, ಅದಕ್ಕೆ ಮನೆ ಅಂದ್ರೆ ಗೊತ್ತಿರಲ್ಲ’ ಎನ್ನುತ್ತಿದ್ದ ಅಪ್ಪ.

ಬೂದಿ ಬೆದೆಗೆ ಬಂದಾಗ ಆ ಟೆರಿಯರ್ ಜಾಕಿ ತಾನೇ ಮುಹೂರ್ತ ಇಟ್ಟುಕೊಂಡ. ನಾನು ತಡೆಯಲಿಲ್ಲ. ದೊಡ್ಡ ಹೆಣ್ಣು, ಸಣ್ಣ ಗಂಡು, ಮರಿ ಹಾಕುವಾಗ ತಾಯಿಗೆ ತೊಂದರೆಯಿಲ್ಲ. ಅದೇ ತಿರುವುಮುರುವು ಆಗಿದ್ದರೆ ಬಿಡುತ್ತಿರಲಿಲ್ಲ. ಒಂಬತ್ತು ವಾರಕ್ಕೆ ಐದು ಮರಿ. ಎಂಟು ವಾರದೊಳಗೆ ಹಾಕಿಸಬೇಕಿದ್ದ ಚುಚ್ಚುಮದ್ದನ್ನು ರಾಗಿ ಕೊಯ್ಲಿನ ನೆಪದಲ್ಲಿ ಮುಂದಕ್ಕೆ ಹಾಕಿದೆ. ರಕ್ತಭೇದಿ ಶುರುವಾಗಿ ಎರಡು ಮರಿ ಮೂರೇ ದಿನದಲ್ಲಿ ಹೋದವು. ಪಾರ್ವೊ ಎಂದರು ಡಾಕ್ಟರು. ಅದು ನನ್ನ ತಪ್ಪು, ಯಾರ ಮೇಲೂ ಹಾಕಲಾರೆ. ಉಳಿದ ಮೂರರಲ್ಲಿ ಚುಕ್ಕಿ, ಮಲ್ಲ ನನ್ನ ಹತ್ತಿರವೇ ಇವೆ. ಮೂರನೆಯದನ್ನು ಪಕ್ಕದೂರಿನ ಹುಡುಗನೊಬ್ಬ ‘ಕುರಿ ಕಾಯೋಕೆ ಬೇಕು ಯಜಮಾನ್ರೇ’ ಅಂತ ಬೇಡಿ ತೆಗೆದುಕೊಂಡು ಹೋದ. ದುಡ್ಡು ತಗೊಳ್ಳಲಿಲ್ಲ. ವಿಡಿಯೊದಲ್ಲಿ ಕಂಡದ್ದು ಅದೇ.

ನಾಯಿ ಪಳಗಿಸುವುದರಲ್ಲಿ ಬಿಡುವುದನ್ನು ಕಲಿಸುವುದೇ ಮುಕ್ಕಾಲು ಪಾಲು. ಹಿಡಿಯುವುದು ಅದರ ರಕ್ತದಲ್ಲೇ ಇದೆ, ಅದಕ್ಕೆ ಗುರು ಬೇಡ. ಚುಕ್ಕಿ, ಮಲ್ಲ ಎರಡನ್ನೂ ಎರಡೂವರೆ ತಿಂಗಳಿಂದ ರೊಪ್ಪದ ಒಳಗೇ ಕಟ್ಟಿದೆ. ಕುರಿ ತುಳಿಯಿತು, ಟಗರು ಗುಮ್ಮಿತು. ಕುರಿ ಎಂದರೆ ಅಟ್ಟುವ ವಸ್ತುವಲ್ಲ ಅಂತ ಅವಕ್ಕೆ ತಾನಾಗಿ ತಿಳಿಯಿತು. ದಿನಾ ಮುದ್ದೆ ಹಾಕುವಾಗ ತಟ್ಟೆ ಇಟ್ಟು ‘ತಡಿ’ ಎನ್ನುವುದು, ‘ಹ್ಞೂಂ’ ಎಂದ ಮೇಲೆ ತಿನ್ನಿಸುವುದು. ಸತ್ತ ಇಲಿಯನ್ನು ದಾರಕ್ಕೆ ಕಟ್ಟಿ ಎಳೆದಾಡಿಸಿದ್ದು ಆಮೇಲೆ. ಹಾಲು ಹಲ್ಲು ಬಿದ್ದು ಗಟ್ಟಿ ಹಲ್ಲು ಬರುವ ತನಕ, ಅಂದರೆ ಏಳೆಂಟು ತಿಂಗಳವರೆಗೆ, ಹೆಗ್ಗಣದ ಹತ್ತಿರ ಬಿಡಲೇಬಾರದು. ಎಳೆಯದರಲ್ಲಿ ಮೂತಿಗೆ ಕಚ್ಚಿಸಿಕೊಂಡ ನಾಯಿ ಜೀವನಪೂರ್ತಿ ಬಿಲದ ಬಾಯಲ್ಲಿ ನಿಂತು ಬೊಗಳುತ್ತದೆ, ಒಳಗೆ ಮೂಗಿಡುವುದಿಲ್ಲ. ಮೊಲ ಎದ್ದಾಗ ‘ಬಿಡು’ ಎಂದರೆ ಹಿಂತಿರುಗುವುದನ್ನು ಕಲಿಸಲು ಮಲ್ಲನಿಗೆ ಐದು ತಿಂಗಳು ಉದ್ದ ಹಗ್ಗ ಕಟ್ಟಿಯೇ ತಿರುಗಾಡಿದೆ. ಅಂಗೈ ಸುಲಿದು ಹೋಗಿತ್ತು. ವಿಡಿಯೊದ ನಾಯಿಗೆ ಈ ಹಗ್ಗ ಕಟ್ಟಿದವರು ಯಾರೂ ಇಲ್ಲ.

ಈಗ ಅವಕ್ಕೆ ಕೈತುಂಬ ಕೆಲಸ. ಮಗಳನ್ನು ಕೊಟ್ಟಿರುವುದು ಹರಿಹರದ ಕಡೆ, ಭದ್ರಾ ನಾಲೆಯ ಭತ್ತದ ಗದ್ದೆ. ಕೊಯ್ಲಾದ ಮೇಲೆ ಇಲಿ, ಹೆಗ್ಗಣ ಎಲ್ಲ ಬದುವಿಗೆ ಸೇರುತ್ತವೆ. ಹಿಂದಿನ ಸಂಜೆ ಕಂಡ ಬಿಲಗಳನ್ನೆಲ್ಲ ಮಣ್ಣಿನಿಂದ ಮುಚ್ಚಿ ಬರುತ್ತೇವೆ. ಬೆಳಿಗ್ಗೆ ಯಾವುದರ ಬಾಯಿ ತೆರೆದಿದೆಯೋ ಅಲ್ಲಿ ಆಸಾಮಿ ಮನೆಯಲ್ಲಿದ್ದಾನೆ ಎಂದರ್ಥ. ಜಾಕಿ ಒಂದು ಕಡೆ ಬಗೆಯುತ್ತಾನೆ, ನಾನು ಸಲಿಕೆ ಹಾಕುತ್ತೇನೆ, ಹಿಂಬಾಗಿಲಿಂದ ಹೊರಬಿದ್ದದ್ದನ್ನು ಚುಕ್ಕಿ, ಮಲ್ಲ ನೋಡಿಕೊಳ್ಳುತ್ತವೆ. ಹೋದ ವರ್ಷ ಒಂದೇ ಬೆಳಿಗ್ಗೆ 31. ಒಂದು ಹೆಗ್ಗಣದ ಬಿಲದಿಂದ ಎರಡು ಸೇರಿನಷ್ಟು ತೆನೆ ಸಿಕ್ಕಿತು, ಬೀಗರು ಅದನ್ನು ಕೋಳಿಗೆ ಹಾಕಿದರು.

ಇದನ್ನು ವಿಷ ಹಾಕಿಯೂ ಮಾಡಬಹುದು ಎನ್ನುತ್ತೀರಿ. ಮಾಡುತ್ತಾರೆ. ನಮ್ಮೂರಲ್ಲೇ ಒಬ್ಬರು ಜಿಂಕ್ ಫಾಸ್ಫೈಡ್ ಕಲಸಿದ ಅಕ್ಕಿ ನುಚ್ಚನ್ನು ಬಿಲದ ಒಳಗೆ ಹಾಕದೆ ಬದುವಿನ ಮೇಲೆ ಚೆಲ್ಲಿ ಹೋಗಿದ್ದರು. ಅದೇ ವಾರ ಎರಡು ನಾಯಿ, ಒಂದಷ್ಟು ನಾಟಿ ಕೋಳಿ ಸತ್ತವು. ಹುಣಸೆ ಮರದ ಗೂಬೆಯೂ ಬಿದ್ದಿತ್ತು. ರಾತ್ರಿಯೆಲ್ಲ ಇಲಿ ಹಿಡಿಯುವ ಗೂಬೆಯನ್ನೇ ಕೊಂದು ಇಲಿ ಜಾಸ್ತಿಯಾಯಿತು ಎಂದರೆ ಏನು ಹೇಳುವುದು.

ಆ ವೀರಗಲ್ಲಿನ ಮಾತಿಗೆ ಬರುತ್ತೇನೆ. ಹುಡುಗರು ಹೇಳುವುದು ನಿಜ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಸುಮಾರು ಕ್ರಿ.ಶ. 950ರ ಕಲ್ಲಿನಲ್ಲಿ ಕಾಳಿ ಎಂಬ ಬೇಟೆ ನಾಯಿ ಹಂದಿಯೊಡನೆ ಕಾದುವ ಚಿತ್ರವಿದೆ. ಗಂಗರ ಬೂತುಗ ‘ಏನು ಬೇಕೋ ಕೇಳು’ ಎಂದಾಗ ಮಣಲೇರ ಎಂಬ ವೀರ ಊರು ಕೇಳದೆ ಆ ನಾಯಿಯನ್ನೇ ಕೇಳಿ ಪಡೆದನಂತೆ. ನಾಯಿ ಸಾಕುವ ನನ್ನಂಥವನಿಗೆ ಇದನ್ನು ಓದಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಕಲ್ಲನ್ನು ಪೂರ್ತಿ ಓದಬೇಕು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಸತ್ತಿದ್ದಕ್ಕೇ ಕಲ್ಲು. ಹಂದಿಯ ಕೋರೆಗೆ ಹೊಟ್ಟೆ ಬಗೆಸಿಕೊಂಡ ನಾಯಿಗಳನ್ನು ನಾನು ಕಂಡಿದ್ದೇನೆ, ಅವಕ್ಕೆ ಯಾರೂ ಕಲ್ಲು ನೆಡಲಿಲ್ಲ. ಬೆಳೆ ತಿನ್ನುವ ಹಂದಿಯ ವಿಷಯಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ, ಬೆಳೆ ಹಾನಿ ಪರಿಹಾರ ಕೇಳಿ. ನಾಯಿಯನ್ನು ಮುಂದೆ ನೂಕಬೇಡಿ.

ಇನ್ನೊಂದು ಮಾತು. ಟೆರಿಯರ್ ತಂದು ಮೊಲಕ್ಕೆ ಬಿಡುವುದು ಅದರ ಕಸುಬಿನ ಲೆಕ್ಕದಲ್ಲೂ ಮೂರ್ಖತನ. ಇಂಗ್ಲೆಂಡಿನಲ್ಲಿ ಬಿಲ ತೋಡುವ ರ‍್ಯಾಬಿಟ್ ಬೇರೆ, ನಮ್ಮ ಮೊಲ ಬೇರೆ. ನಮ್ಮದು ಪೊದೆಯ ಬುಡದಲ್ಲಿ ಮೈ ಹುದುಗಿಸಿ ಕೂರುವುದೇ ಹೊರತು ಬಿಲ ತೋಡುವುದಿಲ್ಲ. ಬಿಲದ ನಾಯಿಗೆ ಅಲ್ಲೇನು ಕೆಲಸ? ಅಲ್ಲದೆ ಈ ನಾಯಿಗಳ ತವರಿನಲ್ಲೇ 2005ರ ಫೆಬ್ರುವರಿಯಿಂದ ನಾಯಿ ಬಿಟ್ಟು ಮೊಲದ ಬೇಟೆಯಾಡುವುದು ಕಾನೂನಿನಲ್ಲಿ ನಿಷೇಧ. ಇಲಿಗೆ ಅವರೂ ತಡೆ ಹಾಕಿಲ್ಲ.

ಅಧಿಕಾರಿಗಳಲ್ಲಿ ನನ್ನ ಕೇಳಿಕೆ ದೊಡ್ಡದೇನಲ್ಲ. ಅರಣ್ಯ ಇಲಾಖೆಯವರು ಯುಗಾದಿ ಕಳೆದ ಮೇಲೆ ಕೇಸು ಹಾಕಲು ಬರುವ ಬದಲು ಯುಗಾದಿಗೆ ಹದಿನೈದು ದಿನ ಮುಂಚೆ ಊರ ಕಟ್ಟೆಗೆ ಬಂದು ಕೂರಲಿ. ಕೃಷಿ ಇಲಾಖೆಯವರು ಇಲಿ ಹತೋಟಿಯ ಮಾತಾಡುವಾಗ ಪಾಷಾಣದ ಪೊಟ್ಟಣದ ಜೊತೆ ನಾಯಿಯ ಸುದ್ದಿಯನ್ನೂ ಎತ್ತಲಿ. ಪಶು ಇಲಾಖೆಯವರು ರೇಬಿಸ್ ಲಸಿಕೆ ಹಾಕುವ ದಿನ ಇಲಿ ಹಿಡಿಯುವ ನಾಯಿಗಳಿಗೆ ಇಲಿ ಜ್ವರದ ಲಸಿಕೆಯನ್ನೂ ಇಟ್ಟುಕೊಂಡಿರಲಿ. ಆ ರೋಗ ಇಲಿ ಉಚ್ಚೆಯಿಂದ ನಾಯಿಗೂ ಬರುತ್ತದೆ, ಗದ್ದೆ ಕೆಸರಿನಲ್ಲಿ ಕಾಲಿಟ್ಟ ನಮಗೂ ಬರುತ್ತದೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶು ವಿಶ್ವವಿದ್ಯಾಲಯದ ನಾಯಿ ಕೇಂದ್ರವಿದೆ, ಅಲ್ಲಿಯ ತಳಿಯನ್ನು ಸೈನ್ಯದವರೂ ಒಯ್ದು ನೋಡಿದ್ದಾರೆ. ಸಂತೆಯಲ್ಲಿ ಪಕ್ಕೆಲುಬು ಕಾಣುವ ಪ್ರತಿ ಬಡಕಲು ನಾಯಿಯನ್ನೂ ‘ಮುಧೋಳ’ ಎಂದು ಸಾವಿರಾರು ರೂಪಾಯಿಗೆ ಕೊಳ್ಳುವ ಹುಡುಗರು ಒಂದು ಸಲ ಅಲ್ಲಿಗೆ ಹೋಗಿ ಬರಲಿ.

ಪಕ್ಕದೂರಿನ ಆ ಹುಡುಗ ಇದನ್ನು ಓದುತ್ತಾನೋ ಇಲ್ಲವೋ. ಓದಿದರೆ, ಅಪ್ಪಾ, ನಿನ್ನ ಮೇಲೆ ನಾನು ಎಲ್ಲೂ ದೂರು ಕೊಟ್ಟಿಲ್ಲ. ಹರಿಹರದ ಕಡೆ ಬೇಸಿಗೆ ಭತ್ತ ಇನ್ನು ಹದಿನೈದಿಪ್ಪತ್ತು ದಿನಕ್ಕೆ ಕೊಯ್ಲಿಗೆ ಬರುತ್ತದೆ. ನಾಯಿ ಕರೆದುಕೊಂಡು ಮನೆ ಹತ್ತಿರ ಬಾ. ಮಲ್ಲನಿಗೆ ಕಟ್ಟಿದ್ದ ಉದ್ದ ಹಗ್ಗ ಇನ್ನೂ ಗೂಟಕ್ಕೆ ನೇತುಹಾಕಿದೆ, ಮೊದಲು ಅದನ್ನು ತಗೊಂಡು ಹೋಗು. ಸಲಿಕೆ ನಾನು ತರುತ್ತೇನೆ.

ಇಂತಿ,
ನಾಯಿ ಸಾಕುವ ಒಬ್ಬ ರೈತ
ಜಗಳೂರು ತಾಲ್ಲೂಕು, ದಾವಣಗೆರೆ ಜಿಲ್ಲೆ