ಟೋಪಿ ಹಾಕಿದವನಲ್ಲ, ಟೋಪಿ ಕಾಯ್ದವನು

ಕಳೆದ ಸೋಮವಾರ ಮತ್ತೆ ಡ್ಯೂಟಿಗೆ ಹಾಜರಾದೆ. ಹದಿನಾಲ್ಕು ತಿಂಗಳ ಅಮಾನತು ಮುಗಿಯಿತು. ದುಡ್ಡು ತಿಂದಿಲ್ಲ ಅಂತ ಇಲಾಖಾ ವಿಚಾರಣೆಯಲ್ಲಿ ತೀರ್ಮಾನವಾಯಿತು. ನಿಯಮ ಮೀರಿದ್ದಕ್ಕೆ ವಾಗ್ದಂಡನೆ ಬಂತು. ಅದೂ ಸರಿಯೇ, ಮೀರಿದ್ದು ನಿಜ. ಫೋನ್ ಮಾಡಿ ವಿಚಾರಿಸಿದವರು, ಮನೆಗೆ ಬಂದವರು, ಬೇಕಂತಲೇ ಏನೂ ಕೇಳದೆ ಸುಮ್ಮನಿದ್ದವರು, ಎಲ್ಲರಿಗೂ ಸೇರಿಸಿ ಇಲ್ಲಿ ಥ್ಯಾಂಕ್ಸ್ ಹೇಳುತ್ತಿದ್ದೇನೆ. ಈ ಪಟ್ಟಿಯಲ್ಲಿ ಕೆಲವರು ಚೀನಾದವರು. ಅವರು ಸತ್ತು ಎರಡು ಸಾವಿರ ವರ್ಷದ ಮೇಲಾಯಿತು.

ನಡೆದದ್ದು ಇಷ್ಟು. ವಿಧವಾ ವೇತನದ ಅರ್ಜಿಗಾಗಿ ಒಬ್ಬ ಅಜ್ಜಿ ನಾಲ್ಕನೇ ಸಲ ಕಚೇರಿಗೆ ಬಂದಿದ್ದರು. ಆ ಫೈಲ್ ನನ್ನ ಟೇಬಲ್ಲಿನದಲ್ಲ. ಪಕ್ಕದ ಟೇಬಲ್ಲಿನ ಕೇಸ್ ವರ್ಕರ್ ರಜೆಯಲ್ಲಿದ್ದರು. ಅವರ ಪಾಸ್‌ವರ್ಡ್ ನನಗೆ ಗೊತ್ತಿತ್ತು. ಅವರ ಲಾಗಿನ್ ತೆಗೆದು ಫೈಲನ್ನು ಮುಂದಕ್ಕೆ ತಳ್ಳಿದೆ. ಅಜ್ಜಿಗೆ ಹಣ ಬಂತು, ನನಗೆ ನೋಟಿಸ್ ಬಂತು.

ಮೊದಲ ಎರಡು ತಿಂಗಳು ಮನೆಯಿಂದ ಹೊರಗೇ ಹೋಗಲಿಲ್ಲ. ಆಮೇಲೆ ನಮ್ಮ ಬೀದಿಯ ರಿಟೈರ್ಡ್ ಹಿಸ್ಟರಿ ಮೇಷ್ಟ್ರು ಒಂದು ದಿನ ಗೇಟಿನ ಹತ್ತಿರ ನಿಂತು ಕೂಗಿದರು. "ಸುಮ್ನೆ ಕೂತು ಕೊರಗಬೇಡ. ಸಂಜೆ ನಮ್ಮ ಜಗಲಿಗೆ ಬಾ, ಓದೋಣ." ಹೋದೆ. ನನ್ನ ಕಥೆ ಪೂರ್ತಿ ಕೇಳಿ ಅವರು ನಕ್ಕುಬಿಟ್ಟರು. "ನಿನ್ನ ಕೇಸು ಕ್ರಿಸ್ತಪೂರ್ವದಲ್ಲೇ ತೀರ್ಮಾನ ಆಗಿದೆ ಕಣಯ್ಯಾ" ಅಂದರು.

ಅವತ್ತು ಅವರು ಓದಿದ್ದು, ಕಾನೂನೇ ಎಲ್ಲಕ್ಕಿಂತ ದೊಡ್ಡದು ಅನ್ನುತ್ತಿದ್ದ ಹಳೆಯ ಚೀನಾದ ಚಿಂತಕ ಹಾನ್ ಫೇ ಬರೆದ ಒಂದು ಪ್ರಸಂಗ. ಹಾನ್ ರಾಜ್ಯದ ಝಾವೋ ಅನ್ನುವ ದೊರೆ ಕುಡಿದು ಮಲಗಿದ್ದ. ದೊರೆಯ ಟೋಪಿ ನೋಡಿಕೊಳ್ಳುವ ಆಳು, ಪಾಪ ಚಳಿಯಾಗುತ್ತದೆ ಅಂತ ಒಂದು ನಿಲುವಂಗಿ ಹೊದಿಸಿದ. ದೊರೆ ಎದ್ದ, ಖುಷಿಪಟ್ಟ, ಹೊದಿಸಿದ್ದು ಯಾರು ಅಂತ ಕೇಳಿದ. ಗೊತ್ತಾದ ಮೇಲೆ ಇಬ್ಬರಿಗೂ ಶಿಕ್ಷೆ ಕೊಟ್ಟ. ಬಟ್ಟೆ ನೋಡಿಕೊಳ್ಳುವವನಿಗೆ ತನ್ನ ಕೆಲಸ ಮಾಡದ್ದಕ್ಕೆ, ಟೋಪಿಯವನಿಗೆ ಇನ್ನೊಬ್ಬನ ಕೆಲಸಕ್ಕೆ ಕೈ ಹಾಕಿದ್ದಕ್ಕೆ. ದೊರೆಗೆ ಚಳಿ ಇಷ್ಟ ಅಂತಲ್ಲ. ಚಳಿಗಿಂತ ಅಧಿಕಾರ ಮೀರುವುದು ಕೆಟ್ಟದ್ದು ಅನ್ನುವುದು ಅವನ ಲೆಕ್ಕ.

ಎರಡು ದಿನ ಸಿಟ್ಟು ಇಳಿಯಲಿಲ್ಲ. ಎಂಥ ಕಲ್ಲು ಮನಸ್ಸಿನ ಮನುಷ್ಯ ಅನ್ನಿಸಿತು. ಆದರೆ ರಾತ್ರಿ ನಿದ್ದೆ ಬರದೆ ಹೊರಳುವಾಗ ಬೇರೆ ಯೋಚನೆ ಬಂತು. ನಾನು ಅವರ ಲಾಗಿನ್‌ನಲ್ಲಿ ಒಳ್ಳೆಯ ಫೈಲ್ ತಳ್ಳಿದೆ. ನಾಳೆ ಇನ್ನೊಬ್ಬ ಅದೇ ದಾರಿಯಲ್ಲಿ ಕಳ್ಳ ಫೈಲ್ ತಳ್ಳಿದರೆ? ತಳ್ಳಿದ್ದು ಯಾರು ಅಂತ ಹೇಗೆ ಗೊತ್ತಾಗಬೇಕು? ವಿಚಾರಣಾಧಿಕಾರಿ ನನ್ನನ್ನು ಕೇಳಿದ್ದೂ ಇದನ್ನೇ. ಹಾನ್ ಫೇ ದಡ್ಡನಲ್ಲ. ಅವನಿಗೆ ಮಾತಾಡುವಾಗ ತೊದಲು ಇತ್ತಂತೆ, ಅದಕ್ಕೇ ಅಷ್ಟು ಚೂಪಾಗಿ ಬರೆದನೋ ಏನೋ. ಕಡೆಗೆ ಕ್ರಿ.ಪೂ. 233ರಲ್ಲಿ ಚಿನ್ ರಾಜ್ಯದ ಜೈಲಿನಲ್ಲಿ ಸತ್ತ.

ಕಾನೂನೇ ಎಲ್ಲ ಅಂದವರ ಕಡೆಗಾಲ ನೋಡಿದರೆ ಬೇಜಾರಾಗುತ್ತದೆ. ಅದೇ ಚಿನ್ ರಾಜ್ಯವನ್ನು ಕಟ್ಟುನಿಟ್ಟು ಕಾನೂನಿನಿಂದ ಬಲಪಡಿಸಿದವನು ಷಾಂಗ್ ಯಾಂಗ್ ಅನ್ನುವ ಮಂತ್ರಿ. ದೊರೆ ಸತ್ತ ಮೇಲೆ ಅವನೇ ತಲೆ ಮರೆಸಿಕೊಂಡು ಓಡಬೇಕಾಯಿತು. ರಾತ್ರಿ ಒಂದು ಛತ್ರದಲ್ಲಿ ಜಾಗ ಕೇಳಿದ. ಛತ್ರದವನಿಗೆ ಅವನು ಯಾರೆಂದು ಗೊತ್ತಿರಲಿಲ್ಲ. "ಗುರುತಿನ ಪತ್ರ ಇಲ್ಲದವರನ್ನು ಇಟ್ಟುಕೊಂಡರೆ ನಮಗೆ ಶಿಕ್ಷೆ, ಇದು ಷಾಂಗ್ ಪ್ರಭುವಿನ ಕಾನೂನು" ಅಂದನಂತೆ. ಇದನ್ನು ಓದಿದ ದಿನ ನಾನು ಜೋರಾಗಿ ನಕ್ಕೆ. ಅಮಾನತಾದ ಮೇಲೆ ನಾನು ನಕ್ಕಿದ್ದು ಅದೇ ಮೊದಲು ಅಂತ ಮನೆಯಲ್ಲಿ ಹೇಳುತ್ತಾರೆ.

ಜಗಲಿಗೆ ನಿಧಾನವಾಗಿ ಇನ್ನೂ ನಾಲ್ಕು ಜನ ಸೇರಿದರು. ಪುಸ್ತಕಗಳೆಲ್ಲ ಇಂಗ್ಲಿಷಿನವು. ಮೇಷ್ಟ್ರು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಕನ್‌ಫ್ಯೂಷಿಯಸ್ ನನಗೆ ಬೇಗ ಹಿಡಿಸಲಿಲ್ಲ, ನಿಜ ಹೇಳುತ್ತೇನೆ. ವಿಧಿ, ಮರ್ಯಾದೆ, ಹಿರಿಯರು ಅಂತ ಜಾಸ್ತಿ ಆಯಿತು. ಆದರೆ ಒಂದು ಮಾತು ಕಚ್ಚಿಕೊಂಡಿತು. ಜನರನ್ನು ಶಿಕ್ಷೆಯ ಭಯದಿಂದ ನಡೆಸಿದರೆ ಅವರು ತಪ್ಪಿಸಿಕೊಳ್ಳುವುದನ್ನು ಕಲಿಯುತ್ತಾರೆ, ನಾಚಿಕೆಯನ್ನು ಕಲಿಯುವುದಿಲ್ಲ. ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ಕೂತವನಿಗೆ ಇದನ್ನು ವಿವರಿಸಬೇಕಿಲ್ಲ.

ನನಗೆ ಬಲ ಕೊಟ್ಟವನು ಮೆನ್ಶಿಯಸ್, ಕನ್‌ಫ್ಯೂಷಿಯಸ್ ದಾರಿಯಲ್ಲೇ ಆಮೇಲೆ ಬಂದ ಚಿಂತಕ. ಗಂಡಸು ಹೆಂಗಸು ಕೈ ಮುಟ್ಟಬಾರದು ಅನ್ನುವುದು ಆಗಿನ ನಿಯಮ. ಹಾಗಾದರೆ ಅತ್ತಿಗೆ ನೀರಿನಲ್ಲಿ ಮುಳುಗುತ್ತಿದ್ದರೆ? ಅಂತ ಒಬ್ಬ ಕೇಳುತ್ತಾನೆ. ಕೈ ಕೊಟ್ಟು ಎತ್ತದವನು ತೋಳ ಅನ್ನುತ್ತಾನೆ ಮೆನ್ಶಿಯಸ್. ಮುಟ್ಟದಿರುವುದು ನಿಯಮ, ಎತ್ತುವುದು ತೂಗಿ ನೋಡುವ ಬುದ್ಧಿ. ನಾನು "ನೋಡಿ ಮೇಷ್ಟ್ರೇ!" ಅಂತ ಎದ್ದು ನಿಂತೆ. ಅವರು ಕನ್ನಡಕ ತೆಗೆದು "ಅಜ್ಜಿ ಮುಳುಗ್ತಿದ್ರಾ? ಅವನು ರಜೆ ಮುಗಿಸಿ ಬರೋಕೆ ಮೂರು ದಿನ ಇತ್ತು ಅಷ್ಟೆ" ಅಂದರು. ನಾನು ಕೂತೆ. ಆಗ ಮೂಲೆಯಲ್ಲಿದ್ದ ಅಂಗನವಾಡಿ ಟೀಚರ್ ಬಾಯಿಬಿಟ್ಟರು. "ತಿಂಗಳಿಗೆ ಬರೋದೇ ಅಷ್ಟು, ಅದೂ ಬರದಿದ್ರೆ ಮೂರು ದಿನ ಎಷ್ಟು ಉದ್ದ ಅಂತ ಪೆನ್ಶನ್ ಬರೋ ನಿಮಗೇನು ಗೊತ್ತು ಮೇಷ್ಟ್ರೇ?" ಅವತ್ತು ಮನೆಗೆ ಹೋದಾಗ ಹತ್ತು ಗಂಟೆ. ಈ ಜಗಳ ಇನ್ನೂ ಮುಗಿದಿಲ್ಲ. ನನ್ನ ಮಟ್ಟಿಗೆ, ಮೇಷ್ಟ್ರೂ ಸರಿ, ಟೀಚರೂ ಸರಿ. ಆದರೆ ಪಾಸ್‌ವರ್ಡ್ ಮಾತ್ರ ಇನ್ನು ಯಾರದ್ದೂ ಮುಟ್ಟಲ್ಲ.

ಜನ ಮೊದಲು, ದೊರೆ ಕಡೆಗೆ ಅಂದವನೂ ಇದೇ ಮೆನ್ಶಿಯಸ್. ಮಿಂಗ್ ವಂಶದ ಮೊದಲ ಚಕ್ರವರ್ತಿಗೆ ಇದು ಎಷ್ಟು ಉರಿಯಿತೆಂದರೆ, 1394ರಲ್ಲಿ ಅವನ ಪುಸ್ತಕದಿಂದ 85 ಭಾಗ ಕಿತ್ತು ಹಾಕಿಸಿದ. ಅಷ್ಟರಲ್ಲಿ ಮೆನ್ಶಿಯಸ್ ಸತ್ತು ಹದಿನಾರು ಶತಮಾನ ಆಗಿತ್ತು!

ಹೊಟ್ಟೆಪಾಡು ಗಟ್ಟಿಯಿಲ್ಲದೆ ಜನರ ಮನಸ್ಸು ಗಟ್ಟಿ ಇರುವುದಿಲ್ಲ ಅಂತಲೂ ಅವನು ಹೇಳಿದ್ದಾನೆ. ಇದನ್ನು ಮನೆಯಲ್ಲಿ ಓದಿ ಹೇಳಿದಾಗ ನನ್ನ ಹೆಂಡತಿ ಹೊಲಿಗೆ ಮಿಷನ್ ನಿಲ್ಲಿಸಲೂ ಇಲ್ಲ. "ಅರ್ಧ ಸಂಬಳದಲ್ಲಿ ಮನೆ ನಡೆಸಿದೋನೇ ಇರಬೇಕು" ಅಂದಳು. ಅಷ್ಟೂ ತಿಂಗಳು ರಾತ್ರಿ ಹನ್ನೊಂದರವರೆಗೆ ಬ್ಲೌಸ್ ಹೊಲಿದವಳು ಅವಳು. ಇಲ್ಲಿ ಬರೆದು ಹೇಳಿದರೆ ಬೈತಾಳೆ, ಆದರೂ ಬರೆದಿದ್ದೇನೆ.

ದಂಡೆತ್ತಿ ಹೋಗುವುದು ತಪ್ಪು ಅನ್ನುತ್ತಿದ್ದ ಇನ್ನೊಬ್ಬ ಚೀನೀ ಚಿಂತಕ ಮೋತ್ಸೆಯ ಕಥೆ ಹೇಳಲೇಬೇಕು. ಚೂ ಅನ್ನುವ ದೊಡ್ಡ ರಾಜ್ಯ ಸೋಂಗ್ ಅನ್ನುವ ಸಣ್ಣ ರಾಜ್ಯದ ಮೇಲೆ ಏರಿಹೋಗಲು ಹೊರಟಿತ್ತು. ಕೋಟೆ ಹತ್ತುವ ದೊಡ್ಡ ಏಣಿಗಳೂ ತಯಾರಾಗಿದ್ದವು. ಮೋತ್ಸೆ ಹತ್ತು ಹಗಲು ಹತ್ತು ರಾತ್ರಿ ನಡೆದು ಚೂ ರಾಜಧಾನಿಗೆ ಹೋದ. ಸೊಂಟದ ಪಟ್ಟಿ ಬಿಚ್ಚಿ ಅದನ್ನೇ ಕೋಟೆ ಮಾಡಿದ. ಏಣಿ ಮಾಡಿದ ಯಂತ್ರಗಾರ ಒಂಬತ್ತು ಸಲ ದಾಳಿಯ ಪಟ್ಟು ಹಾಕಿದ, ಇವನು ಒಂಬತ್ತು ಸಲ ತಡೆದ. ನನ್ನನ್ನು ಕೊಂದರೂ ಪ್ರಯೋಜನವಿಲ್ಲ, ನನ್ನ ಮುನ್ನೂರು ಶಿಷ್ಯರು ಆಗಲೇ ಸೋಂಗ್ ಕೋಟೆಯ ಮೇಲಿದ್ದಾರೆ ಅಂದ. ಯುದ್ಧ ನಿಂತಿತು. ವಾಪಸ್ ಬರುವಾಗ ಸೋಂಗ್ ದಾರಿಯಲ್ಲಿ ಮಳೆ ಹಿಡಿಯಿತು. ಮಳೆಗೆ ನಿಲ್ಲಲು ಒಳಗೆ ಬಿಡು ಅಂದರೆ ಬಾಗಿಲು ಕಾಯುವವನು ಬಿಡಲಿಲ್ಲ. ಅವನಿಗೇನು ಗೊತ್ತು?

ನನಗೆ ಒಳ್ಳೆಯದು ಮಾಡಿದ ಎಷ್ಟು ಜನರನ್ನು ನಾನು ಗುರುತಿಸದೆ ಹೀಗೆ ಮಳೆಯಲ್ಲಿ ನಿಲ್ಲಿಸಿದ್ದೇನೆ ಅಂತ ಅವತ್ತಿನಿಂದ ಲೆಕ್ಕ ಹಾಕುತ್ತಿದ್ದೇನೆ. ಒಂದೇ ಪುಸ್ತಕವನ್ನು ಆರು ಸಲ ರಿನ್ಯೂ ಮಾಡಿಕೊಟ್ಟ ಲೈಬ್ರರಿ ಮೇಡಂ. ಸಾಲದ ಪುಸ್ತಕವನ್ನು ನನ್ನೆದುರು ತೆರೆಯದ ದಿನಸಿ ಅಂಗಡಿಯಣ್ಣ. ಮತ್ತೆ ನನ್ನ ಪಕ್ಕದ ಟೇಬಲ್ಲಿನವರು. ಪಾಸ್‌ವರ್ಡ್ ಕದ್ದ ಅಂತ ಒಂದು ಮಾತು ಹೇಳಿದ್ದರೆ ಅವರು ಪಾರಾಗುತ್ತಿದ್ದರು. ನಾನೇ ಕೊಟ್ಟಿದ್ದೆ ಅಂತ ಬರೆದುಕೊಟ್ಟರು. ಅವರ ಒಂದು ಇಂಕ್ರಿಮೆಂಟ್ ಹೋಯಿತು. ಬಟ್ಟೆಯವನಿಗೂ ಶಿಕ್ಷೆಯಾಯಿತು ಅಂತ ಹಾನ್ ಫೇ ಬರೆದಿದ್ದನಲ್ಲ, ಆದರೆ ಆ ಇಬ್ಬರು ಆಮೇಲೆ ಒಟ್ಟಿಗೆ ಟೀ ಕುಡಿದರೋ ಇಲ್ಲವೋ ಅವನು ಬರೆದಿಲ್ಲ. ನಾವು ಕುಡಿದೆವು.

ಸೋಮವಾರ ಹೋದಾಗ ನನ್ನ ಕುರ್ಚಿಯ ಮೇಲೆ ಧೂಳಿರಲಿಲ್ಲ. ಡ್ರಾಯರಿನಲ್ಲಿ ನನ್ನ ಸ್ಟೀಲ್ ಲೋಟ ತೊಳೆದು ಬೋರಲು ಹಾಕಿತ್ತು. ಯಾರು ಮಾಡಿದ್ದು ಅಂತ ಕೇಳಿದೆ. ರೆಕಾರ್ಡ್ ರೂಮಿನ ಅಟೆಂಡರ್ ತಲೆ ಕೆರೆದುಕೊಳ್ಳುತ್ತಾ ಬಂದರು.

"ಈ ಹಾಲ್ ನನ್ನ ಡ್ಯೂಟಿ ಅಲ್ಲ ಸಾರ್. ಯಾರಿಗೂ ಹೇಳಬೇಡಿ, ನೋಟಿಸ್ ಕೊಟ್ಟಾರು."