ಕಮಿಷನ್ ಕೆಲಸಕ್ಕೆ ಬರುವ ಮೊದಲು ಈ ಲೆಕ್ಕ ನೋಡು

ಡೊಂಬಿವಲಿ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ನೋಡಿದೆ. ಸೊಸೈಟಿ ಕೆಲಸ ಬಿಟ್ಟು ಮುಂಬೈಗೆ ಬಂದು, ನನ್ನ ಹಾಗೆ ಇನ್ಶೂರೆನ್ಸ್, ಮ್ಯೂಚುವಲ್ ಫಂಡ್ ಮಾಡಿಸಿದರೆ ಹೇಗೆ ಅಂತ ಕೇಳಿದ್ದೀಯ. ತಿಂಗಳಿಗೆ ಲಕ್ಷ ದುಡೀತಾರಂತೆ ಹೌದಾ ಅಂತಲೂ ಕೇಳಿದ್ದೀಯ. ದುಡಿಯುವವರು ಇದ್ದಾರೆ, ಸುಳ್ಳಲ್ಲ. ಆದರೆ ಎರಡು ಸಾಲಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಊರಿನ ಬೇರೆ ಹುಡುಗರೂ ಇದನ್ನೇ ಕೇಳುತ್ತಾರೆ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡ.

ಪರೀಕ್ಷೆಯ ಚಿಂತೆ ಬಿಡು. ಇನ್ಶೂರೆನ್ಸಿಗೆ ಐಸಿ-38 ಇದೆ. ಫಂಡಿಗೆ ಎನ್‌ಐಎಸ್‌ಎಂ ಪರೀಕ್ಷೆ ಪಾಸಾಗಿ ಎಆರ್‌ಎನ್ ನಂಬರ್, ಅಂದರೆ ಫಂಡ್ ಮಾರುವ ನೋಂದಣಿ, ತಗೋಬೇಕು. ನಿನಗೆ ಅದೆಲ್ಲ ಸಲೀಸು. ಕಷ್ಟ ಇರುವುದು ಆಮೇಲಿನ ಲೆಕ್ಕದಲ್ಲಿ.

ಒಬ್ಬ ಗಿರಾಕಿ ತಿಂಗಳಿಗೆ 5,000 ಉಳಿಸಬಲ್ಲ ಅಂದ್ಕೋ. ವರ್ಷಕ್ಕೆ 60,000. ಅದನ್ನು ಕೊನೆಗೆ ದುಡ್ಡು ವಾಪಸ್ ಬರುವಂಥ ಮಾಮೂಲಿ ಪಾಲಿಸಿಗೆ ಹಾಕಿಸಿದರೆ, ಮೊದಲ ವರ್ಷದ ಕಮಿಷನ್ 25 ಪರ್ಸೆಂಟ್ ಅಂತ ಹಿಡಿದರೂ ನನಗೆ 15,000. ಅದೇ ದುಡ್ಡನ್ನು ಎಸ್‌ಐಪಿಗೆ, ಅಂದರೆ ತಿಂಗಳು ತಿಂಗಳು ಫಂಡಿಗೆ ತುಂಬುವ ಹಾಗೆ, ಹಾಕಿಸಿದರೆ? ಫಂಡಿನಲ್ಲಿ ಮುಂಗಡವಾಗಿ ಸಿಗುತ್ತಿದ್ದ ಕಮಿಷನ್ನನ್ನು ಷೇರು, ಫಂಡುಗಳ ಮೇಲೆ ಕಣ್ಣಿಡುವ ಸೆಬಿ 2018ರಲ್ಲಿ ಬಹುತೇಕ ನಿಲ್ಲಿಸಿಬಿಟ್ಟಿತು. ಈಗ ಬರುವುದು ಟ್ರೇಲ್. ಅಂದರೆ ಖಾತೆಯಲ್ಲಿ ಎಷ್ಟು ದುಡ್ಡಿದೆಯೋ ಅದರ ಮೇಲೆ ಚೂರು. ವರ್ಷಕ್ಕೆ 0.8 ಪರ್ಸೆಂಟ್ ಅಂತ ಹಿಡಿ. ತಿಂಗಳು ತಿಂಗಳು ತುಂಬುವ ದುಡ್ಡಾದ್ದರಿಂದ ಮೊದಲ ವರ್ಷದ ಸರಾಸರಿ 32,500. ನನ್ನ ಪಾಲು 260 ರೂಪಾಯಿ. ತಿಂಗಳಿಗಲ್ಲ ಮಾರಾಯ, ಇಡೀ ವರ್ಷಕ್ಕೆ!

ಗಿರಾಕಿ ಅದೇ, ದುಡ್ಡು ಅದೇ, ಅರ್ಧ ಗಂಟೆ ಮಾತಾಡಿ ಗಂಟಲು ಒಣಗುವುದೂ ಅದೇ. ಈಗ ಹೇಳು, ರೂಮಿನ ಬಾಡಿಗೆ ಕಟ್ಟುವ ವಾರ ನಿನ್ನ ಬಾಯಿಗೆ ಯಾವುದರ ಹೆಸರು ಮೊದಲು ಬರುತ್ತೆ?

ಚಿಕ್ಕ ಮಕ್ಕಳಿರುವವನಿಗೆ ಮೊದಲು ಬೇಕಿರುವುದು ಟರ್ಮ್ ಪಾಲಿಸಿ, ಅಂದರೆ ಅವಧಿಯೊಳಗೆ ಸತ್ತರೆ ಮಾತ್ರ ಮನೆಯವರಿಗೆ ದುಡ್ಡು ಸಿಗುವಂಥದ್ದು. ಪ್ರೀಮಿಯಂ ಕಮ್ಮಿ, ಹಾಗಾಗಿ ನನಗೆ ಸಿಗುವುದೂ ಕಮ್ಮಿ. "ಏನೂ ಆಗ್ಲಿಲ್ಲ ಅಂದ್ರೆ ದುಡ್ಡು ವಾಪಸ್ ಬರಲ್ವಾ?" ಅಂತ ಅವನೂ ಮೂಗು ಮುರಿಯುತ್ತಾನೆ. ಒಳ್ಳೆಯದನ್ನು ಕೊಡುವವನಿಗೂ ಮನಸ್ಸಿಲ್ಲ, ತಗೊಳ್ಳುವವನಿಗೂ ಮನಸ್ಸಿಲ್ಲ ಅನ್ನುವಂಥ ವ್ಯಾಪಾರ ಬೇರೆ ಎಲ್ಲಾದರೂ ಇದೆಯಾ?

ನನ್ನ ಓಡಾಟ ಹೆಚ್ಚು ನಮ್ಮವರ ಹೋಟೆಲುಗಳಲ್ಲಿ. ಮಾಟುಂಗ, ಚೆಂಬೂರು, ಥಾಣೆ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ರಶ್ ಶುರುವಾಗುವ ನಡುವೆ, ಮೂರೂವರೆ ಹೊತ್ತಿಗೆ ಧಣಿಗಳು ಮಾತಿಗೆ ಸಿಗುತ್ತಾರೆ. ಮೊನ್ನೆ ಒಬ್ಬರು ಗಲ್ಲೆಯಲ್ಲಿ ಕೂತು ಬಿಲ್ಲಿನ ಚೀಟಿಗಳನ್ನು ಕಡ್ಡಿಗೆ ಚುಚ್ಚುತ್ತಾ ಎಲ್ಲ ಕೇಳಿದರು. ಸೋಂಪಿನ ಬಟ್ಟಲು ನನ್ನ ಕಡೆ ತಳ್ಳಿ, "ಇನ್ನೊಬ್ರು ಮೊದಲ ಪ್ರೀಮಿಯಮ್ಮಲ್ಲಿ ಅರ್ಧ ಅವರೇ ಹಾಕ್ತಾರಂತೆ. ನೀವೆಷ್ಟು ಬಿಡ್ತೀರಿ ಮಾರಾಯ್ರೆ?" ಅಂದರು.

ಗಿರಾಕಿಗೆ ಕಮಿಷನ್ ಬಿಟ್ಟುಕೊಡುವುದೂ ತಪ್ಪು, ಗಿರಾಕಿ ಅದನ್ನು ತಗೊಳ್ಳುವುದೂ ತಪ್ಪು. 1938ರ ಇನ್ಶೂರೆನ್ಸ್ ಕಾಯ್ದೆಯ 41ನೇ ಸೆಕ್ಷನ್. 10 ಲಕ್ಷದವರೆಗೂ ದಂಡ ಹಾಕಬಹುದು. ಫಾರಮಿನಲ್ಲೇ ಅಚ್ಚಾಗಿರುತ್ತೆ, ತಿರುಗಿಸಿ ತೋರಿಸಿದೆ. "ಇದನ್ನೆಲ್ಲ ಯಾರು ಓದ್ತಾರೆ" ಅಂತ ನಕ್ಕರು. ಒಳ್ಳೆ ಚಹಾ ಕುಡಿಸಿದರು. ಪಾಲಿಸಿ ಆಗಲಿಲ್ಲ. ಅರ್ಧ ಬಿಡುವವನು ಆ ಅರ್ಧವನ್ನು ಎಲ್ಲಿಂದ ತರುತ್ತಾನೆ ಅಂತ ಅವರು ಯೋಚಿಸಬೇಕಿತ್ತು. ದೊಡ್ಡ ಪ್ರೀಮಿಯಂ ತಲೆಗೆ ಕಟ್ಟದೆ ಅವನಿಗೆ ಗಿಟ್ಟುವುದಿಲ್ಲ.

ಅಲ್ಲೇ ಒಳಗಿದ್ದ ಅಡುಗೆಮನೆ ಹುಡುಗರಿಗೆ ಸರಕಾರದ ಅಪಘಾತ ವಿಮೆ ಬಗ್ಗೆ ಹೇಳಿ ಬಂದೆ. ವರ್ಷಕ್ಕೆ 20 ರೂಪಾಯಿ, 2 ಲಕ್ಷದ ರಕ್ಷಣೆ, ಬ್ಯಾಂಕ್ ಖಾತೆಯಿಂದಲೇ ಕಟ್ ಆಗುತ್ತೆ. ಬಿಸಿ ಎಣ್ಣೆ ಮುಂದೆ ದಿನವಿಡೀ ನಿಲ್ಲುವವರಿಗೆ ಅದೂ ಗೊತ್ತಿರಲಿಲ್ಲ. ನನಗೆ ಅದರಲ್ಲಿ ಬಿಡಿಗಾಸೂ ಇಲ್ಲ ಬಿಡು.

ಇನ್ನು ಟ್ರೇನಿಂಗಿನಲ್ಲಿ ಮೊದಲು ಮಾಡಿಸುವ ಕೆಲಸ ಏನು ಗೊತ್ತಾ? ಪರಿಚಯದವರ ನೂರು ಹೆಸರು ಬರೆಸುತ್ತಾರೆ. ಮಾವ, ಚಿಕ್ಕಪ್ಪ, ಸಂಘದವರು, ಜೊತೆಗೆ ಓದಿದವರು. ದಾಕ್ಷಿಣ್ಯಕ್ಕೆ ಎಲ್ಲರೂ ಒಂದೊಂದು ತಗೊಳ್ಳುತ್ತಾರೆ. ದಾಕ್ಷಿಣ್ಯದ ಬಗ್ಗೆ ನಮ್ಮ ಕಡೆ ಒಂದು ಪೋಲಿ ಗಾದೆ ಇದೆಯಲ್ಲ, ಹತ್ತು ಜನ ಓದುವ ಕಡೆ ಬರೆಯೋಕಾಗಲ್ಲ. ಎರಡನೇ ವರ್ಷ ಪ್ರೀಮಿಯಂ ಕಟ್ಟದೆ ಪಾಲಿಸಿ ನಿಲ್ಲುತ್ತೆ, ಅವರ ದುಡ್ಡಿನಲ್ಲಿ ಒಂದು ಪಾಲು ಹೋಗುತ್ತೆ. ಆಮೇಲೆ ಮದುವೆ ಮನೆಯಲ್ಲಿ ನಿನ್ನನ್ನು ಕಂಡರೆ ಊಟದ ಪಂಕ್ತಿಯನ್ನೇ ಬದಲಾಯಿಸುತ್ತಾರೆ. ನನ್ನ ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ, ಹೆದರಬೇಡ.

ದುಡ್ಡು ಬರುವ ದಿನವೂ ನಿನ್ನ ಕೈಯಲ್ಲಿಲ್ಲ. ಮೆಡಿಕಲ್ ಆಗಬೇಕು, ಪಾಲಿಸಿ ಪಾಸಾಗಬೇಕು. ಪಾಲಿಸಿ ಕೈಗೆ ಬಂದ 30 ದಿನದ ಒಳಗೆ ಗಿರಾಕಿ ಬೇಡ ಅಂದರೆ ಕಮಿಷನ್ನೂ ವಾಪಸ್. ರೈಲಿನ ಪಾಸು, ಫೋನು, ಚಹಾ ಎಲ್ಲ ನಿನ್ನದೇ. ಸಂಬಳದ ಸ್ಲಿಪ್ ಇಲ್ಲ ಅಂದ ಕೂಡಲೇ ಬ್ಯಾಂಕಿನವರ ಮುಖ ಬೇರೆಯಾಗುತ್ತೆ. ಹೆಣ್ಣು ಕೊಡುವವರದ್ದೂ.

ಹಾಗಂತ ನಾನು ಬಿಡುವುದಿಲ್ಲ. ಟ್ರೇಲ್ ಬೆಳೆಯುವ ದುಡ್ಡು, ಕಾಯಬೇಕು ಅಷ್ಟೇ. ಕಾಯುವ ತಾಕತ್ತು ಇಲ್ಲದವನಿಗೆ ಅವನ ಬಾಡಿಗೆಯೇ ಪಾಲಿಸಿ ಆರಿಸಿಕೊಡುತ್ತೆ. ಹಾಗಾಗಿ ಒಂದು ವರ್ಷದ ಖರ್ಚು ಕೈಯಲ್ಲಿ ಇಟ್ಟುಕೊಳ್ಳದೆ ರೈಲು ಹತ್ತಬೇಡ. ಅಲ್ಲೇ ಇದ್ದು ಪರೀಕ್ಷೆ ಮುಗಿಸು. ಚೌತಿಗೆ ಬರುವಾಗ ನನ್ನ ಪುಸ್ತಕ ತರುತ್ತೇನೆ. ಅಲ್ಲಿವರೆಗೆ ರಾಜೀನಾಮೆ ಗೀಜಿನಾಮೆ ಅಂತ ಹೊರಡಬೇಡ.

ನಿನ್ನ ಭಾವ ಟರ್ಮ್ ಪಾಲಿಸಿಗೆ ಜಿಎಸ್‌ಟಿ ಎಷ್ಟು ಅಂತ ಕೇಳಿದ್ದರಲ್ಲ. 2025ರ ಸೆಪ್ಟೆಂಬರ್ 22ರಿಂದ ಇಲ್ಲ ಅಂತ ಹೇಳು. ಯಾರ ಹತ್ತಿರ ಬೇಕಾದರೂ ಮಾಡಿಸಲಿ. ಸಿಗರೇಟು ಸೇದುವುದನ್ನು ಮಾತ್ರ ಫಾರಮಿನಲ್ಲಿ ಮುಚ್ಚಿಡಬಾರದು. ನಾಳೆ ಕ್ಲೇಮಿಗೆ ಅಲೆಯಬೇಕಾದವಳು ಅಕ್ಕ.

ನಿನ್ನವನೇ,
ಬಾಡಿಗೆ ಈ ತಿಂಗಳು ಕಟ್ಟಿಯಾಗಿರುವ ಗೆಳೆಯ